ಮಿರಗದ ಮಳೆ, ಮಾಳಿಗೆಯ ಪಾವಟಿಗೆ

ಅಕ್ಕಾ,

ನಮ್ಮದು ಬಸವಕಲ್ಯಾಣದ ಹಳೆಯ ಊರೊಳಗಿನ ಕಲ್ಲುಮನೆ. ಮಾವನವರ ಅಜ್ಜ ಕಟ್ಟಿಸಿದ್ದಂತೆ. ಮಾಳಿಗೆ ಹತ್ತಬೇಕೆಂದರೆ ಅಂಗಳದ ಮೂಲೆಯಲ್ಲಿ ಗೋಡೆಗುಂಟ ಹದಿನಾರು ಪಾವಟಿಗೆ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಬಯಲು. ಹಿಡಿದುಕೊಳ್ಳಲು ಏನೂ ಇಲ್ಲ. ಮಳೆಗಾಲ ಬಂತೆಂದರೆ ಕಲ್ಲಿನ ಮೇಲೆಲ್ಲ ಹಾವಸೆ ಕಟ್ಟುತ್ತದೆ.

ಅತ್ತೆಗೆ 72 ವರ್ಷ. ಸಂಡಿಗೆ, ಮೆಣಸಿನಕಾಯಿ, ತೊಗರಿಬೇಳೆ ಒಣಹಾಕಲು, ಗುಬ್ಬಿಗೆ ಜೋಳ ಚೆಲ್ಲಲು ದಿನಕ್ಕೆ ಮೂರು ಸಲವಾದರೂ ಮೇಲೆ ಹೋಗಲೇಬೇಕು. ಹೋದ ತಿಂಗಳು ಮಿರಗದ ಮಳೆ ಬಿದ್ದ ಮರುದಿನ ಬೆಳಿಗ್ಗೆ ಇಳಿಯುವಾಗ ಕಾಲು ಜಾರಿ ಕುಕ್ಕರಿಸಿದರು. ಕುಳಿತಂತೆಯೇ ಎರಡು ಪಾವಟಿಗೆ ಜರುಗಿ ಬಂದರು. ಪುಣ್ಯಕ್ಕೆ ಗೋಡೆಯ ಕಡೆಗೇ ವಾಲಿದರು. ಮೊಣಕೈ ತರಚಿತು, ಎಂಟು ದಿನ ಸೊಂಟ ನೋವಿತ್ತು.

ಅವತ್ತು ಬೆಳಿಗ್ಗೆ ನಾನೇ ಸಾಬೂನಿನ ಪುಡಿ ಹಾಕಿ ಆ ಕಲ್ಲು ತಿಕ್ಕಿದ್ದೆ. ಇದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ನಾದಿನಿ ಫೋನ್ ಮಾಡಿ, "ನೀ ಮನ್ಯಾಗ ಇದ್ದು ಏನ್ ಮಾಡ್ತಿದ್ದಿ?" ಎಂದಳು. ಮನೆಯವರು, "ನೋಡ್ಕೊಂಡು ಅಡ್ಡಾಡಬೇಕು" ಅನ್ನುತ್ತಾರೆ, ಅಷ್ಟೇ. ಕಂಬಿ ಹಾಕಿಸೋಣವೆಂದರೆ ಮನೆ ಇನ್ನೂ ಪಾಲಾಗಿಲ್ಲ. ಭಾವಂದಿರಿಬ್ಬರು ಪುಣೆ, ಹೈದರಾಬಾದಿನಲ್ಲಿದ್ದಾರೆ. ಪಾಲಾಗದ ಮನೆಗೆ ರೊಕ್ಕ ಯಾಕೆ ಹಾಕಬೇಕು ಎನ್ನುವ ಮಾತು ಬರುತ್ತದೆ. ಮಾಳಿಗೆ ಹತ್ತಬೇಡಿ ಎಂದು ನಾನು ಅಂದಾಗಿನಿಂದ ಅತ್ತೆ ನನ್ನೊಡನೆ ಮಾತೇ ಕಡಿಮೆ ಮಾಡಿದ್ದಾರೆ. ನನಗೆ ನಾಲ್ಕು ವರ್ಷದ ಮಗಳಿದ್ದಾಳೆ. ಅವಳೂ ಆಯಿಯ ಹಿಂದೆ ಓಡುತ್ತಾಳೆ. ಹುಮನಾಬಾದಿನಲ್ಲಿ ನನ್ನ ಅವ್ವನ ಮನೆಗೂ ಇಂಥವೇ ಪಾವಟಿಗೆ, ಅವಳು ಒಬ್ಬಳೇ ಇರುತ್ತಾಳೆ. ರಾತ್ರಿ ಮಳೆ ಸಪ್ಪಳ ಕೇಳಿದರೆ ನಿದ್ದೆ ಹಾರಿಹೋಗುತ್ತದೆ. ಏನು ಮಾಡಲಿ?

– ಹೆಸರು ಬೇಡ, ಬಸವಕಲ್ಯಾಣ

ತಂಗೀ,

ಮೊದಲು ಆ ಸಾಬೂನಿನ ಪುಡಿಯ ಮಾತು ಮುಗಿಸಿಬಿಡೋಣ. ನಿನ್ನ ಎದೆಯ ಮೇಲೆ ಅದು ಕಲ್ಲಿನ ಹಾಗೆ ಕುಳಿತಿದೆ. ಸಾಬೂನಿನ ನೀರು ಪೂರ್ತಿ ಹೋಗದಿದ್ದರೆ ಕಲ್ಲು ಜಾರುತ್ತದೆ, ನಿಜ. ಮುಂದಿನ ಸಲ ಎರಡು ಕೊಡ ನೀರು ಹೆಚ್ಚಿಗೆ ಹಾಕು. ಆದರೆ ಹಾವಸೆ ಕಟ್ಟಿದ, ಕಡಿದಾದ, ಹಿಡಿಯಲು ಏನೂ ಇಲ್ಲದ ಪಾವಟಿಗೆ ನೀನು ಆ ಮನೆಗೆ ಸೊಸೆಯಾಗಿ ಬರುವ ಮೊದಲೇ ಹಾಗಿತ್ತು. ನಿಮ್ಮ ಮನೆಯಲ್ಲಿ ಒಬ್ಬೊಬ್ಬರನ್ನೇ ಕೇಳಿ ನೋಡು. ಅಲ್ಲಿ ಒಮ್ಮೆಯಾದರೂ ಜಾರಿ ಸಾವರಿಸಿಕೊಳ್ಳದವರು ಯಾರೂ ಸಿಗಲಿಕ್ಕಿಲ್ಲ. ಬೀಳದೆ ಉಳಿದದ್ದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ, ಬಿದ್ದ ದಿನ ಮಾತ್ರ ತಪ್ಪು ಯಾರದೆಂದು ಹುಡುಕುತ್ತೇವೆ. ಕಲ್ಲು ತೊಳೆದವಳು ನೀನೊಬ್ಬಳೇ ಆದ್ದರಿಂದ ಕಣ್ಣಿಗೆ ಬಿದ್ದವಳೂ ನೀನೇ.

"ನೋಡ್ಕೊಂಡು ಅಡ್ಡಾಡಬೇಕು" ಎನ್ನುವ ಮಾತಿನ ಮೇಲೆ ನನಗೆ ಸಿಟ್ಟಿದೆ. ಯಾಕೆಂದು ಹೇಳುತ್ತೇನೆ.

ನಾನು ಬೆಳೆದದ್ದು ಹುಮನಾಬಾದಿನಲ್ಲಿ. ನಮ್ಮ ದೊಡ್ಡವ್ವನ ಮನೆಗೂ ಮಾಳಿಗೆಯ ಪಾವಟಿಗೆ ಹೊರಗಿನಿಂದಲೇ. ಜನವರಿಯಲ್ಲಿ ವೀರಭದ್ರೇಶ್ವರ ಜಾತ್ರೆ ಬಂದರೆ ಮಾಳಿಗೆ ತುಂಬ ಬೀಗರು, ನೆಂಟರು. ಒಂದು ವರ್ಷ ಜಾತ್ರೆಯ ಮರುದಿನ ನಸುಕಿನಲ್ಲಿ ದೊಡ್ಡವ್ವ ಮೇಲೆ ಉಳಿದಿದ್ದ ತಂಬಿಗೆ, ತಾಟುಗಳನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಇಳಿಯುತ್ತಿದ್ದಳು. ಮಳೆ ಇರಲಿಲ್ಲ, ಬರೀ ಇಬ್ಬನಿ. ಕೊನೆಯ ಎರಡು ಪಾವಟಿಗೆ ಉಳಿದಿದ್ದಾಗ ಜಾರಿದಳು. ಐವತ್ತು ವರ್ಷ ಹತ್ತಿ ಇಳಿದ ಪಾವಟಿಗೆ ಅದು. ಅವಳಿಗಿಂತ ಚೆನ್ನಾಗಿ ನೋಡಿಕೊಂಡು ನಡೆಯುವವರು ಆ ಓಣಿಯಲ್ಲಿ ಇರಲಿಲ್ಲ.

ಮನೆ ತುಂಬ ನೆಂಟರಿದ್ದಾರೆ, ಅವರೆದುರು ನರಳಬಾರದು ಎಂದು ಮಧ್ಯಾಹ್ನದವರೆಗೆ ಬಾಯಿ ಬಿಡಲಿಲ್ಲ. ಆಮೇಲೆ ಏಳಲಾಗಲಿಲ್ಲ. ಎಣ್ಣೆ ಹಚ್ಚಿ ತಿಕ್ಕಿದೆವು. ಎಲುಬು ಕಟ್ಟುವವರನ್ನು ಕರೆಸಿದೆವು. ಹತ್ತು ದಿನ ಕಳೆದ ಮೇಲೆ ಆಸ್ಪತ್ರೆಗೆ ಹೋದಾಗ ತೊಡೆಯ ಎಲುಬು ಸೊಂಟದ ಹತ್ತಿರ ಮುರಿದಿದೆ ಎಂದರು. ಆಪರೇಷನ್ ಆಯಿತು, ಕೋಲು ಬಂತು. ಮುಂದೆ ಆರು ವರ್ಷ ಬದುಕಿದಳು. ಪ್ರತಿ ಜಾತ್ರೆಗೂ ಪಡಸಾಲೆಯಲ್ಲಿ ಕುಳಿತು, ಮಾಳಿಗೆಯಿಂದ ಇಳಿದು ಬಂದ ಹುಡುಗರನ್ನು ಮೇಲಿಂದ ಏನೇನು ಕಂಡಿತೆಂದು ಕೇಳುತ್ತಿದ್ದಳು. "ವಯಸ್ಸಾಗಿತ್ತು, ಬಿದ್ದಳು" ಎಂದು ಮನೆಯವರೆಲ್ಲ ಒಪ್ಪಿಕೊಂಡರು. ಆ ಪಾವಟಿಗೆಗೆ ಮಾತ್ರ ಯಾರೂ ಏನೂ ಮಾಡಲಿಲ್ಲ.

ಹುಮನಾಬಾದಿನವರಿಗೆ ಹೆದ್ದಾರಿಯ ಭಯ ಚಿಕ್ಕಂದಿನಿಂದಲೇ ಇರುತ್ತದೆ. ಹೈದರಾಬಾದ್–ಮುಂಬೈ ರಸ್ತೆಯ ಲಾರಿಗಳನ್ನು ತೋರಿಸಿಯೇ ನಮ್ಮನ್ನು ಹೆದರಿಸುತ್ತಿದ್ದರು. ಪಾವಟಿಗೆಗೆ ಹೆದರಬೇಕೆಂದು ಯಾರೂ ಹೇಳಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವಿನಲ್ಲಿ ರಸ್ತೆ ಅಪಘಾತ ಬಿಟ್ಟರೆ ಬೀಳುವುದೇ ಎರಡನೆಯದು. ಸಾಯುವವರಲ್ಲಿ ಹೆಚ್ಚಿನವರು 60 ದಾಟಿದವರು. ನಿನ್ನನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ನಿನ್ನ ನಿದ್ದೆ ಹಾರುವುದು ಸುಮ್ಮನೆ ಅಲ್ಲ ಎಂದು ಮನೆಯವರಿಗೆ ಗೊತ್ತಾಗಲಿ.

ಈಗ ಕಲ್ಲಿನ ಮಾತು. ನಮ್ಮ ಬೀದರ್ ಸೀಮೆಯ ಹಳೆ ಮನೆಯಲ್ಲಿ ಒಂದೇ ಪಾವಟಿಗೆ ಸಾಲಿನಲ್ಲಿ ಮೂರು ಥರದ ಕಲ್ಲು ಸಿಗಬಹುದು, ಮೂರೂ ಜಾರಿಸುವ ರೀತಿ ಬೇರೆ. ನೆಲದ ಮೇಲ್ಗಡೆ ಸಿಗುವ ಕೆಂಪು ಕಲ್ಲು ತೂತು ತೂತು, ಒರಟು. ಜಾರುವುದಿಲ್ಲವೆಂದು ಕಾಣುತ್ತದೆ. ಆದರೆ ಆ ತೂತುಗಳಲ್ಲಿ ನೀರು ನಿಲ್ಲುತ್ತದೆ, ಮಳೆ ನಿಂತು ಎರಡು ದಿನವಾದರೂ ತೇವ ಆರುವುದಿಲ್ಲ, ಹಾವಸೆಗೆ ಅದೇ ತವರುಮನೆ. ನೂರು ವರ್ಷ ಕಾಲಿಟ್ಟು ನಡುವೆ ತಗ್ಗು ಬಿದ್ದಿದ್ದರಂತೂ ಪ್ರತಿ ಪಾವಟಿಗೆಯೂ ಒಂದು ಬಟ್ಟಲು. ಅದರ ಕೆಳಗಿನ ಪದರದಿಂದ ತೆಗೆದ ಕಪ್ಪು ಕಲ್ಲು ಗಟ್ಟಿ, ನೀರು ಕುಡಿಯುವುದಿಲ್ಲ. ಬೇಗ ಒಣಗುತ್ತದೆ, ಆದರೆ ಕಾಲು ತಿಕ್ಕಿ ತಿಕ್ಕಿ ನಡುವಿನ ಭಾಗ ಹೊಳಪು ಬಂದಿರುತ್ತದೆ, ಒಂದು ಹನಿ ಇಬ್ಬನಿ ಸಾಕು. ಮೂರನೆಯದು ಶಹಾಬಾದ್ ಫರಸಿ. ಅದು ಸುಣ್ಣಕಲ್ಲಿನ ಜಾತಿ, ಮೂರರಲ್ಲಿ ಎಲ್ಲಕ್ಕಿಂತ ಬೇಗ ನುಣುಪಾಗುವುದು ಅದೇ. ಹಳೆಯ ಕಲ್ಲು ಸವೆದಿದೆ ಎಂದು ನಿಮ್ಮ ಹಿರಿಯರು ಯಾರೋ ನಡುವೆ ನಾಲ್ಕು ಫರಸಿ ಕೂರಿಸಿರಬಹುದು. ಅತ್ತೆ ಜಾರಿದ್ದು ಅಂಥದ್ದರ ಮೇಲೆಯೇ ಏನು, ನೋಡು.

ಬೇಸಿಗೆಯಲ್ಲಿ ಕಲ್ಲಿನ ಮೇಲೆ ಹಾವಸೆ ಕಪ್ಪಗೆ ಒಣಗಿದ ಚಕ್ಕೆಯ ಹಾಗೆ ಕಾಣುತ್ತದಲ್ಲ, ಅದು ಸತ್ತಿಲ್ಲ. ತಿಂಗಳುಗಟ್ಟಲೆ ಒಣಗಿ ಬಿದ್ದಿದ್ದು ಮೊದಲ ಮಳೆಗೆ ನೀರು ಹೀರಿ ಉಬ್ಬುತ್ತದೆ, ತನ್ನ ಸುತ್ತ ಲೋಳೆ ಬಿಡುತ್ತದೆ. ಕಾಲಿಗೂ ಕಲ್ಲಿಗೂ ನಡುವೆ ಆ ಲೋಳೆ ಬಂದಾಗ ಕಾಲು ಕಲ್ಲನ್ನು ಮುಟ್ಟುವುದೇ ಇಲ್ಲ. ಮಿರಗದ ಮಳೆಯ ಮರುದಿನವೇ ಅತ್ತೆ ಜಾರಿದ್ದಕ್ಕೆ ಇದು ಕಾರಣ. ಹಸಿರು ಕಾಣುವ ಹೊತ್ತಿಗೆ ತಿಕ್ಕುವುದು ತಡವಾದ ಕೆಲಸ. ಬಸವ ಜಯಂತಿ ಮುಗಿಸಿ ಮಿರಗ ಕೂಡುವ ಮೊದಲು, ಕಲ್ಲು ಒಣಗಿದ್ದಾಗಲೇ, ಗಟ್ಟಿ ಬ್ರಷ್ಷಿನಿಂದ ಕೆರೆದು ತೆಗೆಯಬೇಕು. ಮಹಾನವಮಿಗೆ ಹೇಗೂ ಮನೆಯೆಲ್ಲ ತೊಳೆಯುತ್ತೇವೆ, ಆಗ ಇನ್ನೊಮ್ಮೆ.

ಆದರೆ ತಿಕ್ಕುವ ಮೊದಲು ಒಂದು ಕೆಲಸ ಮಾಡು. ಜೋರು ಮಳೆ ಬರುವಾಗ ಪಡಸಾಲೆಯಲ್ಲಿ ನಿಂತು ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಹತ್ತು ನಿಮಿಷ ನೋಡು. ಮಾಳಿಗೆಯ ನೀರು ಹೊರಹಾಕುವ ಕೊಳವೆ ಪಾವಟಿಗೆಯ ಮೇಲೆಯೇ ಬೀಳುತ್ತಿರಬಹುದು. ಹಳೆ ಮನೆಗಳಲ್ಲಿ ಇದು ಬಹಳ. ಮೇಲಿನ ನೀರಿನ ಟಾಕಿ ತುಂಬಿ ಚೆಲ್ಲುತ್ತಿರಬಹುದು. ಬಟ್ಟೆ ಒಗೆಯುವ ಕಲ್ಲು ಅಲ್ಲೇ ಪಕ್ಕದಲ್ಲಿದ್ದರೆ ಕೆಳಗಿನ ಮೂರು ಪಾವಟಿಗೆ ವರ್ಷವಿಡೀ ಹಸಿ. ಆ ಕೊಳವೆಗೆ ಎರಡು ಮಾರು ಪ್ಲಾಸ್ಟಿಕ್ ಪೈಪು ಜೋಡಿಸಿ ನೀರನ್ನು ಅತ್ತ ತಿರುಗಿಸಿದರೆ, ನೀನು ವರ್ಷಗಟ್ಟಲೆ ತಿಕ್ಕಿದರೂ ಹೋಗದ ಹಾವಸೆ ಅರ್ಧ ತಾನಾಗಿ ಕಡಿಮೆಯಾಗುತ್ತದೆ. ಗೋಡೆಗುಂಟ ಹಬ್ಬಿದ ಬಳ್ಳಿಯ ನೆರಳಿದ್ದರೆ ಸವರಿಸು, ಬಿಸಿಲು ಬೀಳಲಿ.

ಈಗ ಕಟ್ಟಿರುವ ಹಾವಸೆಗೆ ಒಂದು ಬಕೆಟ್ ನೀರಿಗೆ, ಅಂದರೆ ಸುಮಾರು 10 ಲೀಟರಿಗೆ, 100 ಗ್ರಾಂನಷ್ಟು ಬ್ಲೀಚಿಂಗ್ ಪೌಡರ್ ಕಲಸಿ, ತಿಳಿಯಾದ ಮೇಲೆ ಕಲ್ಲಿಗೆ ಹೊಯ್ದು ಕಾಲು ಗಂಟೆ ಬಿಡು. ಆಮೇಲೆ ಗಟ್ಟಿ ಬ್ರಷ್ಷಿನಿಂದ ತಿಕ್ಕಿ, ಧಾರಾಳ ನೀರು ಹಾಕು. ಮೇಲಿನ ಪಾವಟಿಗೆಯಲ್ಲಿ ನಿಂತು ಕೆಳಗೆ ಬಗ್ಗಿ ತಿಕ್ಕಬೇಡ, ಕೆಳಗಿನದರ ಮೇಲೆ ನಿಂತು ಮೇಲಿನದನ್ನು ತಿಕ್ಕು. ಕೈಗೆ ರಬ್ಬರ್ ಗ್ಲೌಸು ಇರಲಿ, ಮಗಳು ಒಳಗಿರಲಿ. ನೀರು ತುಳಸಿ ಕಟ್ಟೆಗೆ, ಬಾವಿಗೆ, ದನದ ದೋಣಿಗೆ ಹೋಗದಿರಲಿ. ಇನ್ನೊಂದು ಮಾತು, ಇದನ್ನು ಮರೆಯಲೇಬಾರದು: ಬ್ಲೀಚಿಂಗ್ ಪೌಡರ್ ಹಾಕಿದಲ್ಲಿ ಆಸಿಡ್ಡಾಗಲಿ, ಸಂಡಾಸು ತೊಳೆಯುವ ದ್ರಾವಣವಾಗಲಿ ಹಾಕಕೂಡದು. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ, ಉಸಿರಾಟಕ್ಕೇ ಕುತ್ತು. ಬರೀ ಆಸಿಡ್ ಕೂಡ ಬೇಡ. ಫರಸಿಯ ಮೇಲೆ ಅದು ನೊರೆಯೆದ್ದು ಕಲ್ಲನ್ನೇ ತಿನ್ನುತ್ತದೆ.

ಜನ ಒಳ್ಳೆಯದೆಂದು ತಿಳಿದು ಮಾಡುವ ಕೆಲವು ಕೆಲಸ ಜಾರಿಕೆಯನ್ನು ಹೆಚ್ಚಿಸುತ್ತವೆ. ಗೋಣಿಚೀಲ ಹಾಸುತ್ತಾರೆ. ಚೀಲವೇ ಕಾಲಿನ ಜೊತೆ ಜಾರುತ್ತದೆ, ಅದರಡಿಯ ತೇವದಲ್ಲಿ ಹಾವಸೆ ಇನ್ನೂ ದಟ್ಟವಾಗುತ್ತದೆ. ಉಸುಕು ಎರಚುತ್ತಾರೆ. ಗಟ್ಟಿ ಕಲ್ಲಿನ ಮೇಲೆ ಬಿಡಿ ಉಸುಕೆಂದರೆ ಕಾಲಡಿ ಸಾಸಿವೆ ಚೆಲ್ಲಿದಂತೆ. ಹಬ್ಬಕ್ಕೆ ಚೆಂದ ಕಾಣಲೆಂದು ಹೊಳೆಯುವ ಎಣ್ಣೆಬಣ್ಣ ಬಳಿಯುತ್ತಾರೆ, ಒದ್ದೆಯಾದರೆ ಅದರಷ್ಟು ಜಾರುವುದು ಬೇರೆ ಇಲ್ಲ. ಅಂಗಡಿಯಲ್ಲಿ ಸಿಗುವ ಒರಟು ಟೇಪು ಒಳಾಂಗಣಕ್ಕೆ ಸರಿ, ತೇವ ಕುಡಿದ ಹಳೆ ಕಲ್ಲಿಗೆ ಅಂಟಿ ನಿಲ್ಲುವುದಿಲ್ಲ. ಅರ್ಧ ಕಿತ್ತುಬಂದ ಟೇಪಿಗೆ ಕಾಲು ಸಿಕ್ಕಿತೆಂದರೆ ಮುಗಿಯಿತು.

ಕಲ್ಲಿಗೆ ಮಾಡಿಸಬೇಕಾದ ಕೆಲಸ ಬೇರೆ ಇದೆ. ಬೀಸುಕಲ್ಲು ನುಣುಪಾದಾಗ ಉಳಿಯಿಂದ ಚುಕ್ಕಿ ಹೊಡೆಸುತ್ತಿದ್ದರು, ಅತ್ತೆಗೆ ಚೆನ್ನಾಗಿ ಗೊತ್ತಿರುತ್ತದೆ. ಅದನ್ನೇ ಪಾವಟಿಗೆಗೆ ಮಾಡಿಸುವುದು. ಕಪ್ಪು ಕಲ್ಲಿಗೆ, ಫರಸಿಗೆ, ಕಾಲಿಡುವ ಭಾಗದಲ್ಲೆಲ್ಲ ಚುಕ್ಕಿ. ಫರಸಿ ತೆಳುವಾಗಿದ್ದರೆ ಏಟಿಗೆ ಒಡೆಯಬಹುದು, ಆಗ ಕಟಿಂಗ್ ಮಷೀನಿನಿಂದ ಅಂಚಿನಿಂದ ಒಂದು ಇಂಚು ಒಳಗೆ ಎರಡು ಮೂರು ಗೀರು ಹಾಕಿಸು. ನಡು ಬಟ್ಟಲಾದ ಕೆಂಪು ಕಲ್ಲಿದ್ದರೆ ಗೌಂಡಿಗೆ ಹೇಳಿ ಆ ತಗ್ಗು ತುಂಬಿಸಿ, ಮೇಲ್ಮೈ ನುಣುಪು ಮಾಡದೆ ಕಸಬರಿಗೆಯಿಂದ ಗೀರಿ ಬಿಡಲಿ, ನೀರು ಮುಂದಕ್ಕೆ ಇಳಿಯುವಂತೆ ತುಸು ಓರೆ ಇರಲಿ. ನಮ್ಮ ಗೌಂಡಿಗಳಿಗೆ ನುಣುಪು ಮಾಡಿದರೇ ಕೆಲಸ ಮಾಡಿದಂತೆ. ಪಕ್ಕದಲ್ಲಿ ನಿಂತು ಹೇಳದಿದ್ದರೆ ಕನ್ನಡಿ ಮಾಡಿ ಹೋಗುತ್ತಾರೆ. ಪ್ರತಿ ಪಾವಟಿಗೆಯ ಅಂಚಿಗೆ ಎರಡು ಬೆರಳಗಲ ಬಿಳಿ ಪಟ್ಟಿ ಎಳೆಸು, ಹೊಳೆಯದ ಬಣ್ಣದಲ್ಲಿ, ಬಣ್ಣ ಹಸಿ ಇದ್ದಾಗಲೇ ಸಣ್ಣ ಉಸುಕು ಚಿಮುಕಿಸಿ. ಆ ಉಸುಕು ಬಣ್ಣಕ್ಕೆ ಕಚ್ಚಿಕೊಂಡು ಕಾಲಿಗೆ ಹಿಡಿತ ಕೊಡುತ್ತದೆ. ಕತ್ತಲಲ್ಲಿ ಅಂಚೂ ಕಾಣುತ್ತದೆ.

ಒಂದು ಅಳತೆ ಪಟ್ಟಿ ತೆಗೆದುಕೊಂಡು ಹದಿನಾರೂ ಪಾವಟಿಗೆ ಅಳೆದು ಬರೆದಿಡು. ಈಗಿನ ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ವಾಸದ ಮನೆಯ ಮೆಟ್ಟಿಲಿನ ಎತ್ತರ 190 ಮಿ.ಮೀ. ದಾಟಬಾರದು, ಕಾಲಿಡುವ ಅಗಲ 250 ಮಿ.ಮೀ.ಗೆ ಕಡಿಮೆ ಇರಬಾರದು. ಅಂದರೆ ಏಳೂವರೆ ಇಂಚು ಎತ್ತರ, ಹತ್ತು ಇಂಚು ಅಗಲ. ನಮ್ಮ ಹಳೆ ಮನೆಗಳಲ್ಲಿ ಎಷ್ಟೋ ಕಡೆ ಇದು ತಿರುವುಮುರುವು: ಹತ್ತು ಇಂಚು ಎತ್ತರ, ಎಂಟು ಇಂಚು ಅಗಲ. ಇಳಿಯುವಾಗ ಹಿಮ್ಮಡಿ ಕಲ್ಲಿನ ಮೇಲಿದ್ದರೂ ಬೆರಳು ಗಾಳಿಯಲ್ಲಿ. ಪಾವಟಿಗೆಯ ಮೇಲೆ ಕೆಟ್ಟದಾಗಿ ಬೀಳುವುದು ಹೆಚ್ಚಾಗಿ ಇಳಿಯುವಾಗಲೇ. ಎತ್ತರಕ್ಕಿಂತಲೂ ಮೋಸ ಮಾಡುವುದು ಒಂದರಂತೆ ಇನ್ನೊಂದು ಇಲ್ಲದಿರುವುದು. ನಾಲ್ಕು ಪಾವಟಿಗೆ ಇಳಿಯುವಷ್ಟರಲ್ಲಿ ಕಾಲು ಲೆಕ್ಕ ಕಲಿತುಬಿಡುತ್ತದೆ, ಐದನೆಯದು ಒಂದಿಂಚು ಹೆಚ್ಚು ಕಡಿಮೆ ಇದ್ದರೆ ಆ ಲೆಕ್ಕ ತಪ್ಪುತ್ತದೆ. ಅತ್ತೆ ಜಾರಿದ ಪಾವಟಿಗೆಯನ್ನು ಮೊದಲು ಅಳೆ.

ಅಳೆಯುವಾಗ ಪ್ರತಿ ಕಲ್ಲಿನ ತುದಿಯ ಮೇಲೆ ಕಾಲೂರಿ ಅದು ಅಲುಗುತ್ತದೆಯೇ ನೋಡು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಮಲಗಿದ ರಾತ್ರಿ, ಕಿಲ್ಲಾರಿ ಭೂಕಂಪವಾದಾಗ ನಮ್ಮ ಸೀಮೆಯವರೂ ಎದ್ದು ಹೊರಗೋಡಿದರು. ಕಲ್ಲುಮಣ್ಣಿನ ಗೋಡೆಗಳು ಅಂಥ ಅಲುಗಾಟಕ್ಕೆ ಒಳಗೊಳಗೇ ಸಡಿಲವಾಗುತ್ತವೆ. ನಿಮ್ಮ ಪಾವಟಿಗೆ ಗೋಡೆಯಿಂದ ಬಿಟ್ಟು ಬೆರಳು ಹೋಗುವಷ್ಟು ಸಂದಿ ಇದ್ದರೆ, ಬಣ್ಣ, ಚುಕ್ಕಿಗಳ ಮಾತು ಬದಿಗಿಟ್ಟು ಅನುಭವಸ್ಥ ಗೌಂಡಿಯನ್ನೋ ಎಂಜಿನಿಯರನ್ನೋ ಕರೆಸಿ ತೋರಿಸು. ಅವರು ನೋಡುವವರೆಗೆ ಯಾರೂ ಹತ್ತುವುದು ಬೇಡ, ಅತ್ತೆಯಷ್ಟೇ ಅಲ್ಲ, ಮನೆಯವರೂ.

ಇನ್ನು ಕಂಬಿ. ಹಣ ಒಂದೇ ಕೆಲಸಕ್ಕೆ ಸಾಲುತ್ತದೆ ಎಂದಾದರೆ ಬೇರೆಲ್ಲ ಬಿಟ್ಟು ಇದನ್ನು ಮಾಡಿಸು. ಕಾಲು ಜಾರಿದರೂ ಕೈ ಹಿಡಿದುಕೊಂಡರೆ ಅದು ಬೀಳುವುದಲ್ಲ, ಬೆಚ್ಚುವುದಷ್ಟೇ. ಹೆದ್ದಾರಿ ಬದಿ ಲಾರಿಗಳ ಕೆಲಸ ಮಾಡುವ ವೆಲ್ಡಿಂಗಿನವರು ನಿಮ್ಮೂರಲ್ಲಿ ಬೇಕಾದಷ್ಟಿದ್ದಾರೆ, ಅವರಿಗಿದು ಒಂದು ದಿನದ ಕೆಲಸ. ಒಂದೂವರೆ ಇಂಚಿನ ದುಂಡು ಜಿಐ ಪೈಪು ಹೇಳು. ಅಂಗೈ ಪೂರ್ತಿ ಸುತ್ತಿ ಹಿಡಿಯುವಂತಿರಬೇಕು, ಅಗಲದ ಚೌಕ ಪೈಪು ಚೆಂದ ಕಂಡರೂ ಮುದಿ ಕೈಗೆ ಸಿಗುವುದಿಲ್ಲ. ಬಯಲ ಕಡೆ ಸುಮಾರು ಮೂರಡಿ ಎತ್ತರದ ಕಂಬಿ, ಮಗಳು ನುಸುಳದಂತೆ ನಡುವೆ ಉದ್ದುದ್ದ ಸಳಿಗಳು, ಸಂದಿ ನಾಲ್ಕು ಇಂಚು ಮೀರದಿರಲಿ. ಅಡ್ಡ ಸಳಿ ಬೇಡ, ಮಕ್ಕಳು ಅದನ್ನೇ ಏಣಿ ಮಾಡಿಕೊಳ್ಳುತ್ತಾರೆ. ಕಂಬಿ ಮೊದಲ ಪಾವಟಿಗೆಗಿಂತ ತುಸು ಮುಂಚೆಯೇ ಶುರುವಾಗಿ ಕೊನೆಯದನ್ನು ದಾಟಿ ಮುಗಿಯಬೇಕು, ನಮ್ಮ ದೊಡ್ಡವ್ವ ಬಿದ್ದದ್ದು ಮುಗಿಯಿತೆನ್ನುವಲ್ಲಿ. ಕಪ್ಪು ಕಲ್ಲಿಗೆ ಬೋಲ್ಟು ಹೊಡೆದರೆ ಹಿಡಿಯುತ್ತದೆ. ಹಳೆಯ ಕೆಂಪು ಕಲ್ಲು ಹಿಡಿಯುವುದಿಲ್ಲ, ಪುಡಿಯಾಗಿ ಬೋಲ್ಟು ಕೈಗೆ ಬರುತ್ತದೆ. ಅಲ್ಲಿ ಪಾವಟಿಗೆಯ ಬದಿಗೆ ನೆಲ ಅಗೆದು ಕಾಂಕ್ರೀಟಿನಲ್ಲಿ ಕಂಬ ನಿಲ್ಲಿಸಬೇಕು. ಆಸರೆ ಎಂದು ನಂಬಿ ಮೈ ಭಾರ ಹಾಕಿದಾಗ ಕಿತ್ತುಬರುವ ಕಂಬಿ, ಇಲ್ಲದ ಕಂಬಿಗಿಂತ ಕೆಟ್ಟದ್ದು.

ರೊಕ್ಕದ ವಿಷಯ. ತಂಗೀ, ಪಾಲಿನ ಮಾತನ್ನೂ ಕಂಬಿಯ ಮಾತನ್ನೂ ಒಂದೇ ಉಸಿರಿನಲ್ಲಿ ಎತ್ತಬೇಡ. ಹಾಗೆ ಎತ್ತಿದರೆ ಭಾವಂದಿರಿಗೆ ಕಂಬಿ ಕೇಳಿಸುವುದಿಲ್ಲ, ಪಾಲು ಮಾತ್ರ ಕೇಳಿಸುತ್ತದೆ. ಈ ಮಾತನ್ನು ನೀನು ಆಡುವುದೂ ಬೇಡ, ನಿನ್ನ ಮನೆಯವರು ಆಡಲಿ, ಬಿದ್ದದ್ದು ಅವರ ತಾಯಿ. ಜಾರುವ ಪಾವಟಿಗೆಯ ಎರಡು ಫೋಟೊ, ಅತ್ತೆಯ ತರಚಿದ ಮೊಣಕೈಯ ಒಂದು ಫೋಟೊ, ವೆಲ್ಡಿಂಗಿನವನು ಬರೆದುಕೊಟ್ಟ ಖರ್ಚಿನ ಚೀಟಿ, ಇಷ್ಟನ್ನು ಅಣ್ಣಂದಿರಿಗೂ ತಂಗಿಗೂ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, "ಮುಂದಿನ ಸೋಮವಾರ ಕೆಲಸ ಹಿಡಿಸ್ತೀನಿ, ನಿಮ್ಮ ಪಾಲಿಂದು ಆದಷ್ಟು ಕಳಸ್ರಿ, ಲೆಕ್ಕ ಬರೆದಿಡ್ತೀನಿ" ಎನ್ನಲಿ. ಹಾಕಿಸಲೋ ಬೇಡವೋ ಎಂದು ಕೇಳಬಾರದು, ಕೇಳಿದರೆ ದೀಪಾವಳಿಯವರೆಗೂ ಉತ್ತರ ಬರುವುದಿಲ್ಲ. ಯಾರೂ ಕೊಡದಿದ್ದರೂ ಮಾಡಿಸಿರಿ. ಮುರಿದ ಸೊಂಟದ ಖರ್ಚು ಬಂದಾಗ ಅದು ಪಾಲಾಗುವುದಿಲ್ಲ, ಮನೆಯಲ್ಲಿದ್ದವರ ಮೇಲೆಯೇ ಬೀಳುತ್ತದೆ. ನಾದಿನಿಯ ಮೇಲೆ ಕೋಪ ಇಟ್ಟುಕೊಳ್ಳಬೇಡ. ದೂರದಲ್ಲಿರುವ ಮಗಳಿಗೆ ತಾಯಿ ಬಿದ್ದಳೆಂದರೆ ಕೈಕಾಲು ಆಡುವುದಿಲ್ಲ, ಬಾಯಿ ಮಾತ್ರ ಆಡುತ್ತದೆ. ಹಣ ಕೊಡುವಲ್ಲಿ ಅವಳೇ ಮೊದಲಾಗಬಹುದು, ಕೇಳಿ ನೋಡಿ.

ಅತ್ತೆಯ ವಿಷಯದಲ್ಲಿ ಮಾತ್ರ ನಾನು ನಿನ್ನ ಪರ ಇಲ್ಲ. ಮಾಳಿಗೆ ಹತ್ತಬೇಡಿ ಎಂದಿದ್ದನ್ನು ಹಿಂದಕ್ಕೆ ತೆಗೆದುಕೋ. ನಿನಗದು ಒಣಹಾಕುವ ಜಾಗ. ಅವರಿಗೆ ಆ ಮನೆಯಲ್ಲಿ ಯಾರಿಗೂ ಉತ್ತರ ಕೊಡದೆ ಕುಳಿತುಕೊಳ್ಳಬಹುದಾದ ಒಂದೇ ಜಾಗ ಇರಬಹುದು. ಬೇಡವೆಂದರೆ ನೀನು ಬಜಾರಿಗೆ ಹೋದಾಗ ಹತ್ತುತ್ತಾರೆ, ಗಡಿಬಿಡಿಯಲ್ಲಿ, ಕದ್ದು, ಯಾರೂ ಇಲ್ಲದ ಹೊತ್ತಿನಲ್ಲಿ. ಬಿದ್ದ ಮೇಲೆ ಹೆದರಿ ಕುಳಿತುಬಿಟ್ಟ ಮುದುಕರ ಕಾಲು ಇನ್ನಷ್ಟು ಸೋಲುತ್ತದೆ, ಆಮೇಲೆ ಸಪಾಟು ನೆಲದಲ್ಲೂ ಬೀಳುತ್ತಾರೆ. ಅವರು ಹತ್ತಲಿ. ಆದರೆ ಕೈ ಬರಿದಾಗಿರಲಿ.

ಅದಕ್ಕೊಂದು ಉಪಾಯವಿದೆ. ನೀರು ಸೇದುವ ಬಾವಿಯ ಗಡಗಡಿ ಹಳೆ ಮನೆಗಳ ಅಟ್ಟದಲ್ಲಿ ಇದ್ದೇ ಇರುತ್ತದೆ. ಇಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಮಾಳಿಗೆಯ ಅಂಚಿಗೆ ಗಟ್ಟಿ ಕಬ್ಬಿಣದ ತೋಳು ಹಾಕಿಸಿ ಅದನ್ನು ತೂಗುಹಾಕು, ಹಗ್ಗಕ್ಕೆ ಒಂದು ಬುಟ್ಟಿ. ಸಂಡಿಗೆ, ಮೆಣಸಿನಕಾಯಿ, ಹಾಸುವ ಸೀರೆ ಎಲ್ಲ ಕೆಳಗಿನಿಂದ ಎಳೆದರೆ ಮೇಲೆ ಹೋಗಲಿ. ಅತ್ತೆ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಸೀರೆಯ ನೆರಿಗೆ ಹಿಡಿದು ನಿಧಾನ ಹತ್ತಲಿ. ಈ ಏರ್ಪಾಟಿನ ಯಜಮಾನಿಕೆ ಅವರಿಗೇ ಕೊಡು, ಎಲ್ಲಿ ತೂಗುಹಾಕಬೇಕೆಂದು ಅವರನ್ನೇ ಕೇಳು. ಬೆಳಗಿನ ಮೊದಲ ಏರು ಬಿಸಿಲು ಬಿದ್ದ ಮೇಲೆ ಎಂದು ಒಪ್ಪಿಸು. ಎಳ್ಳ ಅಮಾವಾಸ್ಯೆಯ ಆಚೀಚೆಯ ಇಬ್ಬನಿ ದಿನಗಳಲ್ಲೂ ಇದೇ ನೇಮ ಇರಲಿ.

ಅವರ ಚಪ್ಪಲಿ ತಿರುವಿ ನೋಡು. ಹವಾಯಿ ಚಪ್ಪಲಿಯ ಹಿಮ್ಮಡಿ ಗೀರು ಸವೆದು ಹೋಗಿದ್ದರೆ ಇವತ್ತೇ ಎಸೆ. ಕನ್ನಡಕದಲ್ಲಿ ಕೆಳಗೆ ಓದುವ ಗಾಜು ಇದ್ದರೆ, ಪಾವಟಿಗೆ ಇಳಿಯುವಾಗ ಕಣ್ಣು ಅದರ ಮೂಲಕವೇ ನೋಡುತ್ತದೆ, ಅಂಚು ಮಸುಕಾಗುತ್ತದೆ. ದೂರದ್ದೇ ಬೇರೆ ಕನ್ನಡಕ ಮಾಡಿಸುವ ಬಗ್ಗೆ ಕಣ್ಣಿನ ಡಾಕ್ಟರನ್ನು ಕೇಳಿ, ಪೊರೆಯನ್ನೂ ಪರೀಕ್ಷಿಸಲಿ. ಬಿಪಿ ಗುಳಿಗೆ, ನಿದ್ದೆ ಗುಳಿಗೆ ಇದ್ದರೆ, ಎದ್ದು ನಿಂತಾಗ ತಲೆ ತಿರುಗುತ್ತದೆಯೇ ಎಂದು ಕೇಳು. ತಾವಾಗಿ ಅವರು ಹೇಳುವುದಿಲ್ಲ. ಕರೆಂಟು ಹೋದರೂ ಉರಿಯುವ ಚಾರ್ಜ್ ಬಲ್ಬೊಂದು ಪಾವಟಿಗೆಯ ನೆತ್ತಿಯ ಮೇಲಿರಲಿ, ಸ್ವಿಚ್ಚು ಮೇಲೂ ಕೆಳಗೂ.

ಇಷ್ಟಾದರೂ ಯಾರಾದರೂ ಬಿದ್ದರೆ, ನಮ್ಮ ಮನೆಯಲ್ಲಿ ಆದದ್ದು ನಿಮ್ಮಲ್ಲಿ ಆಗಬಾರದು. ಕೂಡಲೇ ಎಬ್ಬಿಸಿ ನಿಲ್ಲಿಸಬೇಡ. ಒಂದು ಕಾಲು ಗಿಡ್ಡವಾದಂತೆ, ಪಾದ ಹೊರಕ್ಕೆ ತಿರುಗಿದಂತೆ ಕಂಡರೆ, ತೊಡೆಸಂದಿಯಲ್ಲಿ ನೋವೆಂದರೆ, ಕಾಲೂರಲಾಗದಿದ್ದರೆ ಎಲುಬು ಮುರಿದಿದೆ ಎಂದೇ ತಿಳಿ. ತಿಕ್ಕುವುದು, ಎಳೆಯುವುದು, ಕಟ್ಟಿಸುವುದು ಬೇಡ. ಅಲುಗಿಸದೆ ಮಲಗಿಸಿ 108ಕ್ಕೆ ಫೋನ್ ಮಾಡು. ತಲೆಗೆ ಪೆಟ್ಟು ಬಿದ್ದಿದ್ದರೆ, ಅದರಲ್ಲೂ ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರಾದರೆ, ಮೇಲೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ವಾಂತಿ, ಮಂಪರು, ಮಾತು ತೊದಲುವುದು ಕಾಣಿಸಿದರೆ ಒಂದು ಗಳಿಗೆಯೂ ಕಾಯಬಾರದು. ಅತ್ತೆಯ ಸೊಂಟದ ನೋವು ಎಂಟು ದಿನದಲ್ಲಿ ಹೋಯಿತೆಂದು ಬರೆದಿದ್ದೀ. ಈಗಲೂ ನಡೆಯುವಾಗ ಒಂದು ಕಡೆ ವಾಲಿದಂತೆ ಕಂಡರೆ ಒಂದು ಎಕ್ಸ್‌ರೇ ತೆಗೆಸು. ಈ ವಯಸ್ಸಿನ ಹೆಂಗಸರ ಎಲುಬು ಟೊಳ್ಳಾಗಿರುತ್ತದೆ, ಸಣ್ಣ ಬಿರುಕಿದ್ದರೂ ಅವರು ಓಡಾಡುತ್ತಲೇ ಇರುತ್ತಾರೆ.

ಹುಮನಾಬಾದಿನ ಅವ್ವನಿಗೆ ಇದರಲ್ಲಿ ಮೊದಲು ಬೇಕಾದದ್ದು ಕಂಬಿ ಮತ್ತು ಫೋನು. ಮಾಳಿಗೆಗೆ ಹೋಗುವಾಗ ಫೋನು ಸೀರೆಯ ಸೆರಗಿಗೆ ಕಟ್ಟಿಕೊಂಡಿರಲಿ, ಒಳಗೆ ಚಾರ್ಜಿಗೆ ಹಾಕಿ ಹೋಗುವುದು ಬೇಡ. ಬೆಳಿಗ್ಗೆ ಒಂದು ಹೊತ್ತು ಗೊತ್ತು ಮಾಡಿಕೊಂಡು ದಿನಾ ನೀನೇ ಮಾತಾಡಿಸು. ಆ ಹೊತ್ತಿಗೆ ಅವಳು ಫೋನ್ ಎತ್ತದಿದ್ದರೆ ಹೋಗಿ ನೋಡಲು ಪಕ್ಕದ ಮನೆಯವರಿಗೆ ಹೇಳಿಡು, ಒಂದು ಕೀಲಿಕೈ ಅವರ ಹತ್ತಿರ ಇರಲಿ. ನಿಮ್ಮ ಮನೆಯ ಕೆಲಸ ಮಾಡಿದ ವೆಲ್ಡಿಂಗಿನವನನ್ನೇ ಅಲ್ಲಿಗೂ ಒಂದು ದಿನ ಕರೆದುಕೊಂಡು ಹೋಗು.

ವೆಲ್ಡಿಂಗಿನವನು ನಿಮ್ಮ ಮನೆಗೆ ಅಳತೆ ತೆಗೆಯಲು ಬಂದ ದಿನ ಅತ್ತೆಯನ್ನು ಕರೆ. ಗೋಡೆಯ ಕಡೆಗೂ ಒಂದು ಪೈಪು ಹಾಕಿಸಿರಿ, ಅದರ ಎತ್ತರವನ್ನು ಟೇಪಿನಿಂದ ನೋಡುವುದು ಬೇಡ. ಅತ್ತೆ ಮೂರನೇ ಪಾವಟಿಗೆಯ ಮೇಲೆ ನಿಂತು ಕೈ ಸಡಿಲ ಬಿಟ್ಟು ಗೋಡೆ ಮುಟ್ಟಲಿ. ಅಂಗೈ ಎಲ್ಲಿಗೆ ಬರುತ್ತದೋ ಅಲ್ಲಿ ಸೀಸದಕಡ್ಡಿಯಿಂದ ನೀನೇ ಗೆರೆ ಹಾಕು.